ಉಮ್ಮತ್ತಿ ಕಾಯಿ ತಿಂದವನಿಗೆ ಬೇವಿನ ಸೊಪ್ಪಿನ ಏಟು

ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಬೀದಿಯ ಹುಡುಗನೊಬ್ಬನಿಗೆ ದೆವ್ವ ಮೆಟ್ಟಿಕೊಂಡಿದೆ ಅಂತ ಊರೆಲ್ಲ ಸುದ್ದಿಯಾಯಿತು. ಬೇಸಿಗೆ ರಜೆ. ಮಧ್ಯಾಹ್ನ ಆಟಕ್ಕೆ ಹೋದವನು ತೂರಾಡುತ್ತಾ ಮನೆಗೆ ಬಂದ. ಅವ್ವನ ಗುರುತು ಸಿಗದೆ ಹೆದರಿ ಮೂಲೆ ಸೇರಿದ. ಅಂಗಿಯ ಮೇಲೆ ಇಲ್ಲದ ಇರುವೆಗಳನ್ನು ಹೆಕ್ಕಿ ಹೆಕ್ಕಿ ಬಿಸಾಡುತ್ತಿದ್ದ. ಗಾಳಿಯಲ್ಲಿ ದಾರ ಎಳೆಯುವವನ ಹಾಗೆ ಬೆರಳಾಡಿಸುತ್ತಿದ್ದ. ಸತ್ತು ಎರಡು ವರ್ಷವಾಗಿದ್ದ ಅವರಜ್ಜನ ಜೊತೆ ಮಾತಾಡುತ್ತಿದ್ದಾನೆ ಅಂತ ಯಾರೋ ಅಂದರು. ಇನ್ನೇನು ಬೇಕು?

ಬೇವಿನ ಸೊಪ್ಪು ಬಂತು. ಒಣಮೆಣಸಿನಕಾಯಿ ಹೊಗೆ ಹಾಕಿದರು. ಪಕ್ಕದ ಊರಿನಿಂದ ತಾಯತ ಕಟ್ಟುವವರೊಬ್ಬರು ಬಂದರು. ಹೊತ್ತು ಮುಳುಗುವ ತನಕ ಅದೇ ನಡೆಯಿತು. ನಾವು ಮಕ್ಕಳೆಲ್ಲ ಕಿಟಕಿಗೆ ಜೋತುಬಿದ್ದು ನೋಡುತ್ತಿದ್ದೆವು. ಆಮೇಲೆ ಯಾರದೋ ಮನೆಯ ಬಾಣಂತಿ ನೋಡಲು ಬಂದಿದ್ದ ಉಪಕೇಂದ್ರದ ಸಿಸ್ಟರ್ ಗದ್ದಲ ಕೇಳಿ ಒಳಗೆ ಬಂದರು. ಬ್ಯಾಟರಿ ಹಾಕಿ ಹುಡುಗನ ಕಣ್ಣು ನೋಡಿದರು. ಕಣ್ಣಿನ ಪಾಪೆ ಅಗಲವಾಗಿ ಹರಡಿತ್ತು, ಬೆಳಕು ಬಿಟ್ಟರೂ ಕುಗ್ಗಲಿಲ್ಲ. ಮೈ ಕೆಂಡದಂತೆ ಸುಡುತ್ತಿತ್ತು, ಆದರೆ ಒಂದು ಹನಿ ಬೆವರಿಲ್ಲ. "ಏನು ತಿಂದ?" ಅಂತ ಒಂದೇ ಪ್ರಶ್ನೆ ಕೇಳಿದರು. ಅವನ ತಂಗಿ ಹಿತ್ತಲಿಗೆ ಓಡಿಹೋಗಿ ಮುಳ್ಳುಮುಳ್ಳಿನ ಕಾಯಿಯೊಂದನ್ನು ತಂದು ತೋರಿಸಿದಳು. ಅಡುಗೆ ಆಟದಲ್ಲಿ ಅದರ ಬೀಜವೇ ಇವರಿಗೆ ಅನ್ನವಾಗಿತ್ತು.

ಆಗ 108 ಗಾಡಿ ಇರಲಿಲ್ಲ. ಟೊಮೆಟೊ ಕ್ರೇಟು ತುಂಬಿದ್ದ ಟೆಂಪೋದಲ್ಲಿ ತಾಲ್ಲೂಕು ಆಸ್ಪತ್ರೆಗೆ ಸಾಗಿಸಿದರು. ಹುಡುಗ ಬದುಕಿದ. ನನಗೆ ಆ ವಯಸ್ಸಿನಲ್ಲಿ ಆಶ್ಚರ್ಯವಾಗಿದ್ದು ಅವನು ಬದುಕಿದ್ದಲ್ಲ. ಇಷ್ಟು ಜನ ಹಿರಿಯರು ಅಷ್ಟು ಹೊತ್ತು ಕಣ್ಣೆದುರು ಕೂತಿದ್ದರೂ ಒಬ್ಬರಿಗೂ ಗಿಡ ನೆನಪಾಗಲಿಲ್ಲವಲ್ಲ ಅನ್ನುವುದು.

ಪತ್ರಿಕೆ ಕೆಲಸಕ್ಕೆ ಬಂದ ಮೇಲೆ ಇದೇ ದೃಶ್ಯವನ್ನು ಆಸ್ಪತ್ರೆ ವರಾಂಡಗಳಲ್ಲಿ ಮತ್ತೆ ಕಂಡಿದ್ದೇನೆ. ಅದಕ್ಕೇ ಈ ಗಿಡದ ಹಿಂದೆ ಬಿದ್ದು ಒಂದಷ್ಟು ಓದಿದೆ. ಓದುತ್ತಾ ಹೋದಂತೆ ಗೊತ್ತಾಗಿದ್ದು, ನಮ್ಮ ಬೀದಿಯವರು ಮಾಡಿದ ತಪ್ಪು ಬಹಳ ಹಳೆಯದು. ವಿಷದ ಲಕ್ಷಣವನ್ನು ಬೇರೆ ಏನೋ ಎಂದು ತಿಳಿಯುವ ಕೆಲಸ ಸಾವಿರಾರು ವರ್ಷಗಳಿಂದ, ಹಲವು ದೇಶಗಳಲ್ಲಿ ನಡೆದುಕೊಂಡು ಬಂದಿದೆ.

ಹೆಸರಿನಿಂದಲೇ ಶುರು ಮಾಡೋಣ. ನಮ್ಮ ಕಡೆ ಉಮ್ಮತ್ತಿ ಅಂತೀವಿ. ಉತ್ತರ ಕರ್ನಾಟಕದ ಕಡೆ ಮದಗುಣಕಿ, ಕೆಲವೆಡೆ ದತ್ತೂರಿ. ಸಂಸ್ಕೃತದ ಉನ್ಮತ್ತ ಎಂಬ ಪದ ಕನ್ನಡದ ಬಾಯಲ್ಲಿ ಉಮ್ಮತ್ತವಾಯಿತು. ಉನ್ಮತ್ತ ಅಂದರೆ ಹುಚ್ಚು ಹಿಡಿದವನು. ಮದಗುಣಕಿಯಲ್ಲಂತೂ ಮದ ಎದ್ದು ಕೂತಿದೆ. ಹೆಸರಿಟ್ಟವರು ಎಚ್ಚರಿಕೆಯನ್ನೂ ಸೇರಿಸಿಯೇ ಇಟ್ಟಿದ್ದರು. ಕೂಗಿ ಕೂಗಿ ನಮಗೆ ಆ ಅರ್ಥ ಸವೆದುಹೋಗಿದೆ ಅಷ್ಟೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಗಿಡಗಳಿಗೆಲ್ಲ ವೈಜ್ಞಾನಿಕ ಹೆಸರು ಕೊಡುವಾಗ ನಮ್ಮ ಧತ್ತೂರವನ್ನೇ ಎತ್ತಿಕೊಂಡು ದತುರಾ ಎಂದು ಬರೆದ.

ಹೆಸರು ನಮ್ಮದಾದರೂ ಗಿಡ ಎಲ್ಲಿಯದು ಅನ್ನುವುದೇ ಒಂದು ಜಗಳ. ಈ ಕುಲದ ಹೆಚ್ಚಿನ ಗಿಡಗಳ ಮೂಲ ಅಮೆರಿಕ ಖಂಡ. ಹಾಗಾದರೆ ಕೊಲಂಬಸ್ ಹೋಗಿಬಂದ ಮೇಲೆ, ಮೆಣಸಿನಕಾಯಿ, ಟೊಮೆಟೊ ಜೊತೆ ಇದೂ ಬಂತೇ? ಇಲ್ಲ ಅನ್ನುತ್ತದೆ 2007ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ ಜರ್ನಲ್ ಆಫ್ ಬಯೋಸೈನ್ಸಸ್‌ನಲ್ಲಿ ಬಂದ ಒಂದು ಲೇಖನ. ಆರ್. ಗೀತಾ ಮತ್ತು ವಲೀದ್ ಘರೈಬೆ ಎಂಬ ಇಬ್ಬರು ಹಳೆಯ ಸಂಸ್ಕೃತ ಗ್ರಂಥ, ಅರಬ್ಬೀ ವೈದ್ಯ ಗ್ರಂಥ, ಶಿವನ ಶಿಲ್ಪಗಳಲ್ಲಿರುವ ಹೂವು ಇವನ್ನೆಲ್ಲ ಕೂಡಿಸಿ ನೋಡಿ, ಕೊಲಂಬಸ್ಸಿಗೆ ಎಷ್ಟೋ ಶತಮಾನ ಮೊದಲೇ, ಕ್ರಿ.ಶ. ಮೊದಲ ಸಾವಿರ ವರ್ಷದೊಳಗೇ ಈ ಗಿಡ ಇಲ್ಲಿಗೆ ತಲುಪಿತ್ತು ಎಂದು ವಾದಿಸಿದ್ದಾರೆ. ಹೇಗೆ ಬಂತು ಅನ್ನುವುದು ಇನ್ನೂ ಚರ್ಚೆಯಲ್ಲಿದೆ. ಚೋಳರ ಕಾಲದ ನಟರಾಜನ ಕಂಚಿನ ಮೂರ್ತಿಗಳ ಜಟೆಯಲ್ಲಿ ಉಮ್ಮತ್ತಿ ಹೂವು ಇರುವುದನ್ನಂತೂ ನೀವೂ ನೋಡಿರಬಹುದು. ಶಿವರಾತ್ರಿಗೆ ಬಿಲ್ವಪತ್ರೆ, ತುಂಬೆ, ಎಕ್ಕದ ಜೊತೆ ಇದೂ ಶಿವನಿಗೆ ಬೇಕು. ವಿಷಕಂಠನಿಗೆ ವಿಷದ ಹೂವು. ಶಿವನಿಗೆ ಏರಿಸಿದ್ದನ್ನು ನಾವೂ ತಿನ್ನಬಹುದು ಅಂತ ಯಾವ ಹಿರಿಯರೂ ಹೇಳಿಲ್ಲ.

ಈ ಗಿಡದ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಹುಚ್ಚು ನಾಯಿಯ ಪ್ರಸಂಗ.

ಸುಶ್ರುತ ಸಂಹಿತೆಯಲ್ಲಿ ಕಲ್ಪಸ್ಥಾನ ಎಂಬ ಭಾಗವಿದೆ. ಪೂರ್ತಿ ವಿಷಗಳ ಬಗ್ಗೆಯೇ ಇರುವ ಭಾಗ. ಅಲ್ಲಿ ಹುಚ್ಚು ನಾಯಿ, ನರಿಗಳ ಕಡಿತದ ವರ್ಣನೆ ಬರುತ್ತದೆ. ಕಡಿಸಿಕೊಂಡವನು ನೀರು ಕಂಡರೆ, ನೀರಿನ ಸದ್ದು ಕೇಳಿದರೆ ಹೆದರುವಂತಾದರೆ ಅವನು ಉಳಿಯುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಇವತ್ತಿನ ಡಾಕ್ಟರೂ ಅದನ್ನೇ ಹೇಳುತ್ತಾರೆ. ಇಷ್ಟು ಸರಿಯಾಗಿ ನೋಡಿದ ಆ ವೈದ್ಯರು ಚಿಕಿತ್ಸೆಗೆ ಬಂದಾಗ ಧತ್ತೂರ ಸೇರಿಸಿದ ಔಷಧ ಕೊಡಲು ಹೇಳುತ್ತಾರೆ. ಅದರ ಹಿಂದಿನ ತರ್ಕ ಕೇಳಿ. ನಾಯಿಯ ವಿಷ ಒಳಗೆ ಕೂತಿದೆ. ಅದು ತಾನಾಗಿ ಕೆರಳಿದರೆ ಮನುಷ್ಯ ಸಾಯುತ್ತಾನೆ. ಅದಕ್ಕೆ ಮೊದಲೇ ನಾವೇ ಔಷಧ ಕೊಟ್ಟು ಕೆರಳಿಸಿಬಿಟ್ಟರೆ ಹೊರಗೆ ಬಂದುಹೋಗುತ್ತದೆ. ಔಷಧ ಕುಡಿದವನು ನಾಯಿಯ ಹಾಗೆ ಆಡಿದರೆ ವಿಷ ಕೆರಳಿತು, ಇನ್ನು ಇಳಿಯುತ್ತದೆ ಎಂದು ತಿಳಿಯಬೇಕು.

ಔಷಧ ಕುಡಿದವನು ಹಾಗೆ ಆಡುತ್ತಿದ್ದ, ಅದು ನಿಜ. ಯಾಕೆಂದರೆ ಅವನಿಗೆ ಉಮ್ಮತ್ತಿ ಏರಿರುತ್ತಿತ್ತು. ಗಂಟಲು ಒಣಗಿ ನುಂಗಲಾಗದೆ ಒದ್ದಾಡುವುದು, ಕೂಗಾಡುವುದು, ಎದುರಿಗಿದ್ದವರ ಗುರುತು ಹತ್ತದಿರುವುದು ಎಲ್ಲ ಈ ಗಿಡದ ಕೆಲಸ. ಮರುದಿನವೋ ಅದರ ಮರುದಿನವೋ ಅಮಲು ಇಳಿಯುತ್ತಿತ್ತು. ನೋಡಿದವರಿಗೆ ನಾಯಿ ವಿಷ ಇಳಿದಂತೆ ಕಾಣುತ್ತಿತ್ತು. ಇನ್ನೊಂದು ಲೆಕ್ಕವೂ ಇದೆ. ಕಚ್ಚುವ ನಾಯಿಗಳಲ್ಲಿ ಎಲ್ಲಕ್ಕೂ ಹುಚ್ಚು ಇರುವುದಿಲ್ಲ. ರೇಬಿಸ್ ಇಲ್ಲದ ನಾಯಿ ಕಚ್ಚಿದವನು ಏನೂ ಮಾಡದಿದ್ದರೂ ಬದುಕುತ್ತಿದ್ದ, ಉಮ್ಮತ್ತಿ ಕುಡಿದರೂ ಬದುಕುತ್ತಿದ್ದ. ಬದುಕಿದವನು ಊರೂರಿಗೆ ಹೋಗಿ ಔಷಧದ ಹೆಸರು ಹೇಳುತ್ತಿದ್ದ. ಸತ್ತವನು ಹೇಳುವುದಿಲ್ಲವಲ್ಲ.

ಸುಶ್ರುತನ ಕಾಲದವರನ್ನು ನಾನು ಬೈಯುವುದಿಲ್ಲ. ಅವರ ಕೈಯಲ್ಲಿ ಬೇರೆ ಏನೂ ಇರಲಿಲ್ಲ. ಲಸಿಕೆ ಬಂದಿದ್ದು 1885ರಲ್ಲಿ, ಪ್ಯಾರಿಸ್ಸಿನಲ್ಲಿ ಲೂಯಿ ಪಾಸ್ಚರ್ ಅವರ ಕೈಯಿಂದ. ದಕ್ಷಿಣ ಭಾರತಕ್ಕೆ ನೀಲಗಿರಿಯ ಕೂನೂರಿನಲ್ಲಿ ಪಾಸ್ಚರ್ ಸಂಸ್ಥೆ ಶುರುವಾಗಿದ್ದು 1907ರಲ್ಲಿ. ಆದರೆ ಇವತ್ತಿಗೂ ನಾಯಿ ಕಚ್ಚಿದರೆ ಉಮ್ಮತ್ತಿ ರಸ ಕೊಡುವವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ, ಕುಡಿಸಲು ಮಕ್ಕಳನ್ನು ಕರೆದುಕೊಂಡು ಹೋಗುವವರೂ ಇದ್ದಾರೆ. ಅದೇ ಹಳೆಯ ತರ್ಕ, "ಅಮಲು ಬಂದರೆ ವಿಷ ಇಳೀತು ಅಂತ ಲೆಕ್ಕ ಕಣಪ್ಪ" ಎಂಬ ಅದೇ ಮಾತು. ಇಲ್ಲಿ ಅಪಾಯ ಎರಡು ಕಡೆಯಿಂದ. ಗಿಡದ ವಿಷ ಮಗುವನ್ನು ಕೊಲ್ಲಬಹುದು. ಅದರಿಂದ ಪಾರಾದರೂ, ಗುಣವಾಯಿತು ಎಂದು ಸುಮ್ಮನಾಗಿ ಲಸಿಕೆ ತಪ್ಪಿಸಿಕೊಂಡರೆ ರೇಬಿಸ್ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಬರುತ್ತದೆ. ಬಂದ ಮೇಲೆ ಯಾರಿಂದಲೂ ಏನೂ ಮಾಡಲಾಗದು. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಿ, ಹೇಳಿದ ದಿನಗಳಿಗೆಲ್ಲ ತಪ್ಪದೆ ಹೋಗಬೇಕು.

ಇಲ್ಲಿಂದ ಪಕ್ಕದ ಗೋವಾಕ್ಕೆ ಹೋಗೋಣ. ಗಾರ್ಸಿಯಾ ದ ಓರ್ತ ಎಂಬ ಪೋರ್ಚುಗೀಸ್ ವೈದ್ಯ 1534ರಲ್ಲಿ ಗೋವಾಕ್ಕೆ ಬಂದು ಅಲ್ಲೇ ನೆಲೆಸಿದ. ಈ ಸೀಮೆಯ ಗಿಡಮೂಲಿಕೆಗಳ ಬಗ್ಗೆ ಅವನು ಬರೆದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಪ್ರಶ್ನೋತ್ತರದ ಧಾಟಿಯಲ್ಲಿರುವ ಪುಸ್ತಕ. ಉಮ್ಮತ್ತಿಯ ಅಧ್ಯಾಯದಲ್ಲಿ ಒಬ್ಬ ಹೆಣ್ಣಾಳು ವೈದ್ಯನ ಮನೆಗೆ ಓಡಿ ಬರುತ್ತಾಳೆ. ಮನೆಯ ಇನ್ನೊಬ್ಬ ಆಳು ಯಜಮಾನಿಗೆ ಉಮ್ಮತ್ತಿ ತಿನ್ನಿಸಿ, ಬೀಗದ ಕೈ ಕಿತ್ತುಕೊಂಡು, ಒಡವೆ ದೋಚಿ ಓಡಿಹೋಗಿದ್ದಾಳೆ, ಬೇಗ ಬನ್ನಿ ಅನ್ನುತ್ತಾಳೆ. ಅದು ತಿಂದವರು ನಗುತ್ತಾ ಕೂತಿರುತ್ತಾರೆ, ಒಡವೆ ಬಿಚ್ಚಿಕೊಂಡರೂ ಬೇಡವೆನ್ನುವುದಿಲ್ಲ ಎಂದು ಓರ್ತ ವಿವರಿಸುತ್ತಾನೆ. ಇದನ್ನು ದೆವ್ವದ ಲೆಕ್ಕಕ್ಕೆ ಹಾಕದೆ ವಿಷ ಎಂದು ಗುರುತಿಸಿ, ವಾಂತಿ ಮಾಡಿಸುವುದು, ಭೇದಿ ಮಾಡಿಸುವುದು ಎಂದು ಚಿಕಿತ್ಸೆಯನ್ನೂ ಬರೆದ. ಈಗ ಆ ಚಿಕಿತ್ಸೆ ಬಿಟ್ಟಿದ್ದಾರೆ, ಆದರೆ ರೋಗ ಗುರುತಿಸಿದ್ದರಲ್ಲಿ ತಪ್ಪಿಲ್ಲ.

ಅವನ ನಂತರ 1583ರಲ್ಲಿ ಗೋವಾಕ್ಕೆ ಬಂದ ಲಿನ್‌ಶೋಟನ್ ಎಂಬ ಡಚ್ಚನ ಕಥೆ ಬೇರೆ. ಗೋವಾದ ಹೆಂಗಸರು ಗಂಡಂದಿರಿಗೆ ಉಮ್ಮತ್ತಿ ತಿನ್ನಿಸಿ, ಅವರ ಕಣ್ಣೆದುರೇ ಬೇರೆಯವರ ಜೊತೆ ಸರಸವಾಡುತ್ತಾರೆ, ಗಂಡನಿಗೆ ಮರುದಿನ ಏನೂ ನೆನಪಿರುವುದಿಲ್ಲ ಎಂದು ಬರೆದ. 1596ರಲ್ಲಿ ಬಂದ ಅವನ ಪುಸ್ತಕ ಯುರೋಪಿನಲ್ಲಿ ಚೆನ್ನಾಗಿ ಓಡಿತು. ಒಬ್ಬ ವರದಿಗಾರನಾಗಿ ನನಗೆ ಇದರಲ್ಲಿ ಕಟ್ಟೆ ಹರಟೆಯ ವಾಸನೆ ಬರುತ್ತದೆ. ಆದರೆ ಮರೆವಿನ ವಿಷಯ ಮಾತ್ರ ಸತ್ಯ. ಅಮಲು ಇಳಿದ ಮೇಲೆ ನಡೆದದ್ದು ನೆನಪಿರುವುದಿಲ್ಲ.

ಆ ಮರೆವೇ ದಾರಿಗಳ್ಳರಿಗೆ ಬಂಡವಾಳವಾಯಿತು. ಠಕ್ಕರನ್ನು ಬಗ್ಗುಬಡಿದ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿ 1844ರ ತನ್ನ ಪುಸ್ತಕದಲ್ಲಿ ಕತ್ತು ಬಿಗಿಯುವ ಠಕ್ಕರಿಗಿಂತ ಬೇರೆಯಾದ, ದಾರಿಹೋಕರಿಗೆ ವಿಷವಿಕ್ಕುವ ಗುಂಪುಗಳ ಬಗ್ಗೆ ಬರೆದಿದ್ದಾನೆ. ಕಲ್ಕತ್ತೆಯ ಡಾಕ್ಟರ್ ನಾರ್ಮನ್ ಚೀವರ್ಸ್ 1856ರಲ್ಲಿ ಭಾರತದ ವೈದ್ಯಕೀಯ ನ್ಯಾಯಶಾಸ್ತ್ರದ ಬಗ್ಗೆ ಪುಸ್ತಕ ಬರೆದಾಗ ಉಮ್ಮತ್ತಿ ಪ್ರಕರಣಗಳಿಗೆ ಎಷ್ಟೋ ಪುಟ ಕೊಡಬೇಕಾಯಿತು. ಛತ್ರದಲ್ಲೋ ಮರದಡಿಯೋ ಒಬ್ಬ ಸಿಹಿ ಮಾತಿನವನು ಜೊತೆಯಾಗುತ್ತಾನೆ, ಅಡುಗೆ ಹಂಚಿಕೊಳ್ಳುತ್ತಾನೆ, ಹಿಟ್ಟಿನಲ್ಲಿ ಬೀಜದ ಪುಡಿ ಸೇರಿಸಿರುತ್ತಾನೆ. ಎಚ್ಚರವಾದಾಗ ಗಂಟು ಇರುವುದಿಲ್ಲ. ಗಂಟು ಕಟ್ಟಿದವನ ಮುಖವೂ ನೆನಪಿರುವುದಿಲ್ಲ. ಎಚ್ಚರವೇ ಆಗದವರೂ ಇದ್ದರು. ಕಳ್ಳನಿಗೆ ಬೇಕಾದದ್ದು ಮರೆವು ಮಾತ್ರ, ಆದರೆ ಎಷ್ಟಕ್ಕೆ ಮರೆವು, ಎಷ್ಟಕ್ಕೆ ಸಾವು ಎನ್ನುವುದು ಅವನಿಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರುವುದಿಲ್ಲ, ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಪೊಲೀಸರಿಗೆ ಸಾಕ್ಷಿ ಹುಡುಕುವುದೇ ಕಷ್ಟವಾಗಿತ್ತು. ಉಮ್ಮತ್ತಿ ಬೀಜ ನೋಡಲು ಮೆಣಸಿನಕಾಯಿ ಬೀಜದ ಹಾಗೇ ಇರುತ್ತದೆ. ಕಂದು ಬಣ್ಣ ಸ್ವಲ್ಪ ಹೆಚ್ಚು, ಆಕಾರ ಕಿವಿಯಂತೆ, ಖಾರ ಇಲ್ಲ. ಸಾರಿನಲ್ಲಿ ಸೇರಿದರೆ ಯಾರಿಗೆ ಕಾಣುತ್ತದೆ? ಇವೆರಡನ್ನು ಬೇರೆ ಮಾಡಿ ಗುರುತಿಸುವ ಪಾಠ ನಮ್ಮ ದೇಶದ ಮೆಡಿಕಲ್ ವಿದ್ಯಾರ್ಥಿಗಳಿಗೆ ಈಗಲೂ ಇದೆ. ಸತ್ತವನ ಹೊಟ್ಟೆಯಿಂದ ತೆಗೆದದ್ದನ್ನು ಸರ್ಕಾರಿ ಪ್ರಯೋಗಾಲಯದಲ್ಲಿ ಸೋಸಿ, ಅದರ ಸಾರವನ್ನು ಬೆಕ್ಕಿನ ಕಣ್ಣಿಗೆ ಒಂದು ಹನಿ ಬಿಡುತ್ತಿದ್ದರು. ಬೆಕ್ಕಿನ ಪಾಪೆ ಅಗಲವಾದರೆ ಉಮ್ಮತ್ತಿಯ ಜಾತಿಯ ವಿಷ ಇದೆ ಎಂದು ಅರ್ಥ. ಎಷ್ಟೋ ಕೊಲೆ ಮೊಕದ್ದಮೆಗಳಲ್ಲಿ ಹೀಗೆ ಬೆಕ್ಕಿನ ಕಣ್ಣು ಸಾಕ್ಷಿ ಹೇಳಿದೆ. ಅಪರಾಧ ಮಾಡುವ ಉದ್ದೇಶದಿಂದ ವಿಷವೋ ಅಮಲಿನ ಪದಾರ್ಥವೋ ತಿನ್ನಿಸುವುದಕ್ಕೆ 1860ರ ಭಾರತೀಯ ದಂಡ ಸಂಹಿತೆಯಲ್ಲಿ 328ನೇ ಕಲಮು ಇತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 123. ರೈಲಿನಲ್ಲಿ ಬಿಸ್ಕೆಟ್ ಕೊಟ್ಟು ದೋಚುವವರ ಮೇಲೆ ಹಾಕುವುದೂ ಇದನ್ನೇ. ಅವರು ಈಗ ಹೆಚ್ಚಾಗಿ ನಿದ್ದೆ ಮಾತ್ರೆಗೆ ಬದಲಾಗಿದ್ದಾರೆ.

ಇದೆಲ್ಲ ನಮ್ಮ ದೇಶದ ಕಥೆ ಮಾತ್ರ ಅಂದುಕೊಳ್ಳಬೇಡಿ. 1676ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ದಂಗೆ ಅಡಗಿಸಲು ಬಂದ ಇಂಗ್ಲಿಷ್ ಸೈನಿಕರು ಜೇಮ್ಸ್‌ಟೌನ್ ಎಂಬಲ್ಲಿ ಇದೇ ಕುಲದ ಗಿಡದ ಎಳೆ ಸೊಪ್ಪನ್ನು ಬೇಯಿಸಿ ತಿಂದರು. ಹನ್ನೊಂದು ದಿನ ಅವರು ಅವರಾಗಿರಲಿಲ್ಲ ಎಂದು 1705ರಲ್ಲಿ ರಾಬರ್ಟ್ ಬೆವರ್ಲಿ ಬರೆದ ಚರಿತ್ರೆಯಲ್ಲಿದೆ. ಒಬ್ಬ ಹಕ್ಕಿಯ ಗರಿ ಊದುತ್ತಾ ಕೂತ, ಇನ್ನೊಬ್ಬ ಬಟ್ಟೆ ಕಳಚಿ ಮೂಲೆಯಲ್ಲಿ ಕೋತಿಯ ಹಾಗೆ ಹಲ್ಲುಕಿರಿದ. ಕೂಡಿಹಾಕದಿದ್ದರೆ ತಮ್ಮ ಹೇಸಿಗೆಯಲ್ಲೇ ಹೊರಳಾಡುತ್ತಿದ್ದರು. ಆ ಊರ ಹೆಸರೇ ಗಿಡಕ್ಕೆ ಅಂಟಿ ಅಮೆರಿಕದಲ್ಲಿ ಈಗಲೂ ಜಿಮ್ಸನ್‌ವೀಡ್ ಎನ್ನುತ್ತಾರೆ.

ಅದೇ ಖಂಡದ ಇನ್ನೊಂದು ಅಂಚಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಚುಮಾಶ್ ಎಂಬ ಮೂಲನಿವಾಸಿಗಳು ಈ ಕುಲದ ಗಿಡವನ್ನು ಹುಡುಗರು ದೊಡ್ಡವರಾಗುವ ಶಾಸ್ತ್ರದಲ್ಲಿ ಬಳಸುತ್ತಿದ್ದರು. ಅಲ್ಲಿನ ಪಿನ್‌ವೀಲ್ ಗುಹೆಯ ಚಾವಣಿಯ ಬಿರುಕಿನಲ್ಲಿ ಜಗಿದು ಉಗಿದ ನಾರಿನ ಉಂಡೆಗಳು ಸಿಕ್ಕಿ, ಅವು ಇದೇ ಕುಲದ ಗಿಡದ್ದೆಂದು 2020ರಲ್ಲಿ ವಿಜ್ಞಾನಿಗಳು ಖಚಿತಪಡಿಸಿದರು. ಅವರಲ್ಲಿ ಅದನ್ನು ಅನುಭವಿಗಳು ಅಳೆದು ಕೊಡಬೇಕಿತ್ತು, ಪಕ್ಕದಲ್ಲಿ ಕಾವಲು ಕೂರಬೇಕಿತ್ತು. ಅಷ್ಟು ಕಟ್ಟುಪಾಡು ಯಾಕೆ ಇತ್ತು ಅಂತ ಯೋಚಿಸಿ.

ಯಾಕೆ ಈ ಮಾತು ಅಂದರೆ, ಈಗ ಮೊಬೈಲಿನಲ್ಲಿ ಸೈಕೆಡೆಲಿಕ್, ಗಿಡದ ಔಷಧ, ಆದಿವಾಸಿ ಜ್ಞಾನ ಎಂದು ಬರುವ ವಿಡಿಯೋಗಳನ್ನು ನಮ್ಮ ಹುಡುಗರು ನೋಡುತ್ತಿದ್ದಾರೆ. ಅಣಬೆ, ಪೆಯೋಟಿ ಕಳ್ಳಿ, ಆಯಾವಾಸ್ಕ ಎಂದೆಲ್ಲ ಕೇಳಿ, ಅವು ಇಲ್ಲಿ ಸಿಗದಿದ್ದಾಗ ಊರ ಹೊರಗಿನ ತಿಪ್ಪೆಯ ಪಕ್ಕದ ಉಮ್ಮತ್ತಿಯ ಮೇಲೆ ಕಣ್ಣು ಹಾಕುವವರೂ ಉಂಟು. ಆ ಗಿಡಗಳಿಗೂ ಅವುಗಳದೇ ಅಪಾಯ ಇವೆ, ಆದರೆ ಉಮ್ಮತ್ತಿಯ ದಾರಿಯೇ ಬೇರೆ. ಅಲ್ಲಿ ಬಣ್ಣ, ಆಕಾರ ಕಂಡವನಿಗೆ ಇದು ಅಮಲಿನದು ಎನ್ನುವ ಅರಿವು ಹೆಚ್ಚಿನ ಮಟ್ಟಿಗೆ ಉಳಿದಿರುತ್ತದೆ. ಉಮ್ಮತ್ತಿ ತಿಂದವನಿಗೆ ಆ ಅರಿವೇ ಹೋಗುತ್ತದೆ. ಇಲ್ಲದ ಮನುಷ್ಯನ ಜೊತೆ ಕೂತು ಮಾತಾಡುತ್ತಾನೆ, ಇಲ್ಲದ ಬೀಡಿ ಸೇದುತ್ತಾನೆ, ಬಾವಿಯ ಕಟ್ಟೆಯನ್ನು ಮನೆಯ ಹೊಸ್ತಿಲು ಎಂದು ದಾಟುತ್ತಾನೆ. ಭಂಗಿಗೆ ಅಮಲು ಹೆಚ್ಚಲಿ ಎಂದು ಉಮ್ಮತ್ತಿ ಬೆರೆಸುವ ಚಾಳಿ 1893-94ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಗಾಂಜಾ ವಿಚಾರಣಾ ಆಯೋಗದ ಮುಂದೆಯೂ ಬಂದಿತ್ತು.

ಔಷಧವಾಗಿ ಇದರ ಕಥೆಯೂ ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ನಮ್ಮ ದೊಡ್ಡಪ್ಪನಿಗೆ ಉಬ್ಬಸ ಇತ್ತು. ಉಮ್ಮತ್ತಿ ಎಲೆ ಒಣಗಿಸಿ ಬೀಡಿಯ ಹಾಗೆ ಸುತ್ತಿ ಸೇದುತ್ತಿದ್ದರು, ಉಸಿರು ಸಡಿಲವಾಗುತ್ತಿತ್ತು. ಸುಳ್ಳಲ್ಲ, ಉಸಿರಿನ ಕೊಳವೆಯನ್ನು ಹಿಗ್ಗಿಸುವ ಗುಣ ಅದಕ್ಕಿದೆ. ಮದ್ರಾಸಿನಲ್ಲಿ ವೈದ್ಯಾಧಿಕಾರಿಯಾಗಿದ್ದ ಜೇಮ್ಸ್ ಆಂಡರ್ಸನ್ ಇದನ್ನು ಇಲ್ಲಿನವರಿಂದ ಕಲಿತ. ಅವನಿಂದ ತಿಳಿದ ಜನರಲ್ ಜೆಂಟ್ ಎಂಬಾತ 1802ರಲ್ಲಿ ಇಂಗ್ಲೆಂಡಿಗೆ ಒಯ್ದ. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಯುರೋಪಿನಲ್ಲಿ ಉಬ್ಬಸದ ಸಿಗರೇಟು ಎಂದು ಔಷಧದಂಗಡಿಯಲ್ಲೇ ಮಾರಾಟವಾಯಿತು. ಆದರೆ ಸೇದಿದವರಲ್ಲಿ ಎಷ್ಟೋ ಜನರಿಗೆ ಬಾಯಿ ಒಣಗುವುದು, ಮಂಪರು, ಬಡಬಡಿಕೆ ಕಾಣಿಸಿಕೊಂಡು ಆ ಸಿಗರೇಟು ಮೂಲೆ ಸೇರಿತು. ನಮ್ಮ ದೊಡ್ಡಪ್ಪನಿಗೆ ಒಂದು ರಾತ್ರಿ ಮೂತ್ರವೇ ಕಟ್ಟಿಹೋಯಿತು. ಹೊಟ್ಟೆ ಉಬ್ಬಿಕೊಂಡು ಆಸ್ಪತ್ರೆಗೆ ಒಯ್ದು ನಳಿಕೆ ಹಾಕಿಸಬೇಕಾಯಿತು. ವಯಸ್ಸಾದ ಗಂಡಸರಿಗೆ, ಪ್ರಾಸ್ಟೇಟ್ ತೊಂದರೆ ಇರುವವರಿಗೆ ಉಮ್ಮತ್ತಿ ಹೀಗೆ ಮಾಡುತ್ತದೆ. ಕಣ್ಣಿನ ಒತ್ತಡದ ಕಾಯಿಲೆ ಇದ್ದವರಿಗೆ ದೃಷ್ಟಿಗೇ ಕುತ್ತು. ಈಗ ಆಸ್ಪತ್ರೆಯಲ್ಲಿ ಉಬ್ಬಸಕ್ಕೆ ಮಾಸ್ಕ್ ಹಾಕಿ ಹೊಗೆಯಂತೆ ಕೊಡುವ ಔಷಧಗಳಲ್ಲಿ ಇಪ್ರಾಟ್ರೋಪಿಯಂ ಎಂಬುದೊಂದಿದೆ. ಅದು ಇದೇ ವಿಷದ ಮೊಮ್ಮಗ. ತಲೆಗೆ ಹೋಗದಂತೆ, ಎದೆಯಲ್ಲೇ ಕೆಲಸ ಮಾಡುವಂತೆ ರಸಾಯನಶಾಸ್ತ್ರಜ್ಞರು ತಿದ್ದಿದ್ದಾರೆ.

ಜಪಾನಿನಲ್ಲಿ ಹನಾಓಕಾ ಸೈಶು ಎಂಬ ಶಸ್ತ್ರವೈದ್ಯ ಉಮ್ಮತ್ತಿ ಮುಖ್ಯವಾಗಿರುವ ಔಷಧ ಕುಡಿಸಿ, ರೋಗಿಯ ಪ್ರಜ್ಞೆ ತಪ್ಪಿಸಿ, 1804ರಲ್ಲಿ ಸ್ತನದ ಕ್ಯಾನ್ಸರ್ ಗಡ್ಡೆ ತೆಗೆದ. ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ಆಪರೇಷನ್ ಮಾಡಿ ತೋರಿಸಿದ್ದು 1846ರಲ್ಲಿ, 42 ವರ್ಷ ಆದಮೇಲೆ. ದೊಡ್ಡ ಸಾಧನೆಯೇ. ಆದರೆ ಎಷ್ಟು ಕೊಟ್ಟರೆ ನಿದ್ದೆ, ಎಷ್ಟು ಕೊಟ್ಟರೆ ಸಾವು ಎಂದು ತಿಳಿಯಲು ಅವನಿಗೆ ಸುಮಾರು 20 ವರ್ಷ ಹಿಡಿಯಿತು. ಪ್ರಯೋಗಕ್ಕೆ ಒಡ್ಡಿಕೊಂಡ ಅವನ ಹೆಂಡತಿ ಕಾಯೆ ಕಣ್ಣು ಕಳೆದುಕೊಂಡಳು ಎಂದು ಜಪಾನಿನಲ್ಲಿ ಹೇಳುತ್ತಾರೆ. ಗಂಡನ ಹೆಸರು ವೈದ್ಯಕೀಯ ಚರಿತ್ರೆಯಲ್ಲಿ ದೊಡ್ಡದಾಗಿದೆ. ಅವಳದು ಒಂದು ಸಾಲು.

ಈ ಅಳತೆಯ ಕಷ್ಟ ಯಾಕೆ? ಉಮ್ಮತ್ತಿಯಲ್ಲಿ ಅಟ್ರೋಪಿನ್, ಹಯೋಸಯಮಿನ್, ಸ್ಕೋಪೋಲಮಿನ್ ಎಂಬ ವಿಷಗಳಿವೆ. ಬೇರು, ಎಲೆ, ಹೂವು, ಬೀಜ ಎಲ್ಲದರಲ್ಲೂ. ಆದರೆ ಒಂದು ಗಿಡದಲ್ಲಿದ್ದಷ್ಟು ಪಕ್ಕದ ಗಿಡದಲ್ಲಿರುವುದಿಲ್ಲ. ಮಣ್ಣು, ಮಳೆ, ಗಿಡದ ವಯಸ್ಸು, ಕಾಯಿಯ ಬಲಿತ ಎಲ್ಲದರ ಮೇಲೆ ಹಲವು ಪಟ್ಟು ಹೆಚ್ಚುಕಡಿಮೆಯಾಗುತ್ತದೆ. "ನಮ್ಮಜ್ಜ ಇಷ್ಟು ತಗೊಂಡಿದ್ದ, ಏನೂ ಆಗಿರಲಿಲ್ಲ" ಎನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ, ಅಜ್ಜನ ಗಿಡ ಬೇರೆ, ನಿಮ್ಮದು ಬೇರೆ. ಆಯುರ್ವೇದದಲ್ಲಿ ಬೀಜವನ್ನು ಶುದ್ಧಿ ಮಾಡಿಯೇ ಬಳಸಬೇಕೆಂಬ ನಿಯಮ ಇದ್ದದ್ದೂ ಇದಕ್ಕೇ. ಈಗಿನ ಔಷಧ ನಿಯಮಾವಳಿಯ ಇ-1 ಪಟ್ಟಿಯಲ್ಲಿ ಧತ್ತೂರ ವಿಷದ ದ್ರವ್ಯ ಎಂದು ನಮೂದಾಗಿದೆ. ಒಳಗೆ ತೆಗೆದುಕೊಳ್ಳುವ ಅಂಥ ಔಷಧದ ಲೇಬಲ್ ಮೇಲೆ ವೈದ್ಯರ ಉಸ್ತುವಾರಿಯಲ್ಲೇ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಕಡ್ಡಾಯ.

ಮೈಯೊಳಗೆ ಏನಾಗುತ್ತದೆ ಎನ್ನುವುದನ್ನು ನಮ್ಮ ಹಳ್ಳಿಯವರಿಗೆ ಕೀಟನಾಶಕದ ಮೂಲಕ ಹೇಳಿದರೆ ಬೇಗ ಅರ್ಥವಾಗುತ್ತದೆ, ದುರದೃಷ್ಟಕ್ಕೆ. ನರಗಳಿಂದ ಜೊಲ್ಲು, ಬೆವರು, ಕರುಳು, ಗುಂಡಿಗೆಗಳಿಗೆ ಆಜ್ಞೆ ಒಯ್ಯುವ ಒಂದು ರಾಸಾಯನಿಕವಿದೆ. ಕೆರೆಯ ತೂಬಿನಿಂದ ಹರಿಯುವ ನೀರು ಅಂದುಕೊಳ್ಳಿ. ಮೋನೋಕ್ರೋಟೋಫಾಸ್, ಕ್ಲೋರ್‌ಪೈರಿಫಾಸ್ ಥರದ ಔಷಧಿ ಕುಡಿದವನಲ್ಲಿ ತೂಬು ಮುಚ್ಚುವುದೇ ಇಲ್ಲ. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಎದೆಯಲ್ಲಿ ನೀರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಉಮ್ಮತ್ತಿ ತಿಂದವನಲ್ಲಿ ಅದೇ ತೂಬು ಜಡಿದು ಮುಚ್ಚಿರುತ್ತದೆ. ಬಾಯಿ ಒಣಗುತ್ತದೆ, ಬೆವರಿಲ್ಲದೆ ಮೈ ಕಾಯುತ್ತದೆ, ಮೂತ್ರ ನಿಲ್ಲುತ್ತದೆ, ಗುಂಡಿಗೆ ಓಡುತ್ತದೆ, ಪಾಪೆ ಅಗಲವಾಗುತ್ತದೆ. ಕರುಳೂ ನಿಧಾನವಾಗುವುದರಿಂದ ತಿಂದ ಬೀಜ ಒಳಗೇ ಕೂತು ವಿಷ ಬಿಡುತ್ತಲೇ ಇರುತ್ತದೆ. ಅದಕ್ಕೇ ಒಂದೆರಡು ದಿನ, ಕೆಲವರಿಗೆ ಇನ್ನೂ ಹೆಚ್ಚು ಕಾಲ ತಲೆ ತಿಳಿಯಾಗುವುದಿಲ್ಲ.

ಕೀಟನಾಶಕ ಕುಡಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಮುಖ್ಯ ಇಂಜೆಕ್ಷನ್ ಅಟ್ರೋಪಿನ್, ಉಮ್ಮತ್ತಿಯಲ್ಲಿರುವ ಅದೇ ಪದಾರ್ಥ. ಹಾಗಂತ ವಿಷ ಕುಡಿದವರಿಗೆ ಮನೆಯಲ್ಲಿ ಉಮ್ಮತ್ತಿ ಅರೆದು ಕುಡಿಸಲು ಹೋಗಬೇಡಿ, ಎರಡು ವಿಷ ಸೇರಿ ಜೀವ ಹೋಗುತ್ತದೆ. ಆಸ್ಪತ್ರೆಯಲ್ಲಿ ಗಳಿಗೆ ಗಳಿಗೆಗೂ ನಾಡಿ, ಎದೆ ನೋಡಿ ಅಳೆದು ಕೊಡುತ್ತಾರೆ. ಕೆಲವೊಮ್ಮೆ ಆ ಅಟ್ರೋಪಿನ್ ಹೆಚ್ಚಾಗಿ ರೋಗಿ ಗಾಳಿಯಲ್ಲಿ ಕೈಯಾಡಿಸುತ್ತಾನೆ, ಡ್ರಿಪ್ ಕಿತ್ತುಕೊಳ್ಳುತ್ತಾನೆ, ಸತ್ತವರ ಹೆಸರು ಕರೆಯುತ್ತಾನೆ. "ಕರೆಯೋಕೆ ಬಂದಿದ್ದಾರೆ, ಇನ್ನು ಉಳಿಯಲ್ಲ" ಎಂದು ಬಂಧುಗಳು ಅತ್ತು ಡಿಸ್ಚಾರ್ಜ್ ಕೇಳಿದ್ದನ್ನು ನಾನು ನೋಡಿದ್ದೇನೆ. ಡ್ಯೂಟಿ ಡಾಕ್ಟರ್ ಆ ಮನೆಯವರನ್ನು ಕೂರಿಸಿಕೊಂಡು, ಇದು ಔಷಧದ್ದು, ಕಡಿಮೆ ಮಾಡಿದರೆ ಇಳಿಯುತ್ತದೆ ಎಂದು ಹೇಳಿದರು. ಮೂರನೇ ದಿನ ಆ ರೈತ ಕಾಫಿ ಕೇಳಿದ.

ಉಮ್ಮತ್ತಿ ವಿಷಕ್ಕೆ ಎದುರು ಮದ್ದು ಸಿಕ್ಕಿದ್ದು ಇನ್ನೊಂದು ವಿಷದಿಂದ. ನೈಜೀರಿಯಾದ ಕಲಬಾರ್ ಸೀಮೆಯಲ್ಲಿ ಅಪರಾಧಿ ಯಾರೆಂದು ಪರೀಕ್ಷಿಸಲು ಜನರಿಗೆ ತಿನ್ನಿಸುತ್ತಿದ್ದ ಒಂದು ಕಾಳಿನ ಸಾರವನ್ನು 1864ರಲ್ಲಿ ಪ್ರಾಗ್ ನಗರದ ಕ್ಲೈನ್‌ವೆಕ್ಟರ್ ಎಂಬ ವೈದ್ಯ ಅಟ್ರೋಪಿನ್ ವಿಷವೇರಿದವರಿಗೆ ಕೊಟ್ಟು ಗುಣಪಡಿಸಿದ. ಅದರಿಂದ ಬಂದ ಫೈಸೋಸ್ಟಿಗ್ಮಿನ್ ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲ. ಇಲ್ಲದಿದ್ದರೂ ಮೈ ತಣ್ಣಗೆ ಮಾಡಿ, ಡ್ರಿಪ್ ಹಾಕಿ, ಗಾಬರಿ ಇಳಿಸುವ ಔಷಧ ಕೊಟ್ಟು, ಕಾವಲಿದ್ದು ಹೆಚ್ಚಿನವರನ್ನು ಉಳಿಸುತ್ತಾರೆ. ಸಮಯಕ್ಕೆ ತಲುಪಬೇಕು ಅಷ್ಟೆ. 108ಕ್ಕೆ ಫೋನ್ ಮಾಡಿ. ವಾಂತಿ ಮಾಡಿಸಲು ಉಪ್ಪುನೀರು, ಹುಣಸೆ ನೀರು ಕುಡಿಸಬೇಡಿ, ಮಂಪರಿನಲ್ಲಿದ್ದವರ ಶ್ವಾಸಕೋಶಕ್ಕೆ ಇಳಿಯುತ್ತದೆ. ತಿಂದ ಕಾಯಿಯೋ ಎಲೆಯೋ ಸಿಕ್ಕಿದರೆ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ಹೊಲದಲ್ಲಿ ಕೆಲಸ ಮಾಡುವವರಿಗೆ ಇನ್ನೆರಡು ಮಾತು. ಉಮ್ಮತ್ತಿ ಕಿತ್ತ ಕೈಯಲ್ಲೇ ಕಣ್ಣು ಉಜ್ಜಿಕೊಂಡರೆ ಆ ಒಂದು ಕಣ್ಣಿನ ಪಾಪೆ ಅಗಲವಾಗಿ, ಕಣ್ಣಿನ ಕ್ಯಾಂಪಿನಲ್ಲಿ ಹನಿ ಹಾಕಿದಾಗ ಆದಂತೆ ಮಂಜಾಗುತ್ತದೆ. ಒಂದೇ ಕಣ್ಣು ಹಾಗಾಗಿದ್ದು ನೋಡಿದ ಡಾಕ್ಟರು ತಲೆಯಲ್ಲಿ ರಕ್ತಸ್ರಾವವಾಗಿದೆಯೇನೋ ಎಂದು ಸ್ಕ್ಯಾನ್‌ಗೆ ಕಳಿಸಬಹುದು. ಬೆಳಗ್ಗೆ ಕಳೆ ಕಿತ್ತಿದ್ದನ್ನು ಮರೆಯದೆ ಹೇಳಿ. ಎರಡನೆಯದು, ಬೆಳೆಯ ನಡುವೆ ಇದನ್ನು ಬಿಡಬೇಡಿ. 2019ರಲ್ಲಿ ಉಗಾಂಡದ ಕರಮೋಜ ಎಂಬಲ್ಲಿ ವಿಶ್ವಸಂಸ್ಥೆಯ ಆಹಾರ ಯೋಜನೆ ಹಂಚಿದ ಪೌಷ್ಟಿಕ ಹಿಟ್ಟು ತಿಂದು ಸುಮಾರು 300 ಜನ ಆಸ್ಪತ್ರೆ ಸೇರಿದರು, 5 ಜನ ಸತ್ತರು. ಹಿಟ್ಟಿನಲ್ಲಿ ಸಿಕ್ಕಿದ್ದು ಉಮ್ಮತ್ತಿ ಜಾತಿಯ ಗಿಡಗಳ ವಿಷ. ಸೋಯಾ, ಜೋಳದ ಹೊಲಗಳಲ್ಲಿ ಇದು ಕಳೆಯಾಗಿ ಬೆಳೆದು, ಕೊಯ್ಲಿನಲ್ಲಿ ಅದರ ಬೀಜವೂ ಕಾಳಿನ ಜೊತೆ ಸೇರಿಬಿಡುತ್ತದೆ. ಬೀದರ್, ಬೆಳಗಾವಿ, ಧಾರವಾಡದ ಸೋಯಾ ಬೆಳೆಗಾರರು ಇದನ್ನು ಗಮನಿಸಬೇಕು.

ಈ ಲೇಖನ ಬರೆಯುವ ಮೊದಲು ಊರಿಗೆ ಹೋಗಿದ್ದೆ. ಆ ಹುಡುಗ ಈಗ ಜೆಸಿಬಿ ಓಡಿಸುತ್ತಾನೆ, ಎರಡು ಮಕ್ಕಳ ಅಪ್ಪ. ಅವತ್ತಿನದು ಏನು ನೆನಪಿದೆ ಅಂದೆ. "ಏನೂ ಇಲ್ಲ ಕಣಣ್ಣ. ಅಜ್ಜನ್ನ ಕಂಡೆ ಅಂತ ಎಲ್ರೂ ಹೇಳ್ತಾರೆ, ನಂಗೆ ಗೊತ್ತಿಲ್ಲ. ಆಸ್ಪತ್ರೇಲಿ ಎದ್ದಾಗ ಬೆನ್ನು ಉರೀತಿತ್ತು, ಅಷ್ಟೇ" ಅಂದ. ಪಕ್ಕದಲ್ಲಿ ಅವಳೆಕಾಯಿ ಬಿಡಿಸುತ್ತಾ ಕೂತಿದ್ದ ಅವನ ಅವ್ವ ತಲೆ ಎತ್ತಲಿಲ್ಲ. ಪ್ರತಿ ಮಳೆಗಾಲ ಶುರುವಾದಾಗ ಅವರು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬೀದಿಯ ಎರಡೂ ಕಡೆ ಉಮ್ಮತ್ತಿ ಸಸಿಗಳನ್ನು ಬೇರು ಸಮೇತ ಕೀಳುತ್ತಾರಂತೆ. ಈಶ್ವರನ ಗುಡಿಯ ಹಿಂದೆ ಬೇಲಿಯೊಳಗಿನ ಒಂದು ಗಿಡ ಮಾತ್ರ ಬಿಟ್ಟಿದ್ದಾರೆ. ಶಿವರಾತ್ರಿಗೆ ಬೇಕಲ್ಲ ಅಂದರು.